ಸೊನ್ನೆ ಮತ್ತು ಏಣಿ

ಗಂಡ ಜೋನನ್ನು ಮಣ್ಣು ಮಾಡಿ, ಪ್ರಾರ್ಥನೆಯ ರಾತ್ರಿಗಳೂ ಮುಗಿದ ಮರುದಿನ ವೆನಿಂಗ್ ತನ್ನೊಬ್ಬಳಿಗೇ ಅನ್ನ ಮಾಡಿಕೊಂಡಳು. ತಟ್ಟೆಗೆ ಕೈ ಹಾಕುವಷ್ಟರಲ್ಲಿ ಸೋಯಾ ಬಿಲ್ಲೆ ಟೆಂಪೆಯನ್ನು ಕರಿದು ಮಾರುವ ಬು ಸುಮಿಯೆಮ್ ಬಾಗಿಲಲ್ಲಿ ನಿಂತಿದ್ದರು. ಅಳುಮೋರೆಯಲ್ಲೇ, ಜೋ ಗಲ್ಲಿಗೆಲ್ಲ ಹಂಚಿದ್ದ ನೆಟ್ ಬಸವನಹುಳದ ಹಾಗೆ ತೆವಳುತ್ತಿದೆ ಎಂದರು. ಹಿಂದೆ ಅರ್ಧ ಗಲ್ಲಿಯಿತ್ತು. ಪಕ್ಕದ ಮನೆಯ ಹಿರಿಯರಾದ ಪಾಕ್ ವಗಿಮಿನ್ ಮಾತ್ರ ಅವಳ ಅಂಗಳದಲ್ಲಿ ಒರಗಿದ್ದ ತಮ್ಮ ಏಣಿಯನ್ನೇ ನೋಡುತ್ತಿದ್ದರು. ಆಂಟೆನಾ ಕಟ್ಟಲು ಜೋ ಎರವಲು ತಂದು ವಾಪಸು ಕೊಡದಿದ್ದ ಏಣಿ.

"ಮಧ್ಯಾಹ್ನದೊಳಗೆ ಸರಿಹೋಗ್ಲಿಲ್ಲಾಂದ್ರೆ ಕಂಪನಿಯವ್ರನ್ನ ಕರೀತೀವಿ ನಿಂಗ್. ಬೇಜಾರ್ ಮಾಡ್ಕೋಬೇಡ" ಎಂದರು ಬು ಸುಮಿಯೆಮ್.

ಕಂಪನಿ ಬಂದರೆ ಜೋ ಎಳೆದ ತಂತಿಯೆಲ್ಲ ಗುಜರಿಗೆ. ಅವನದೆಂದು ಉಳಿದದ್ದು ಅದೊಂದೇ.

ಯಾರ ಮನೆಯ ಏನನ್ನು ನೆಟ್‌ನಲ್ಲಿ ಬಿಡಬೇಕೆಂದು ಅವನು ನಾಲ್ಕಾರು ಸಾಲು ಬರೆದಿಟ್ಟಿದ್ದ. ಅವನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿಸಲು ಕಪ್ಪು ಪರದೆಯ ಮೇಲೆ ಟೈಪ್ ಮಾಡಿ ನಡೆಸುವ ಪುಟ್ಟ ಅಸೆಂಬ್ಲರ್ ಇತ್ತು. ಕಾಲೇಜಿನಲ್ಲಿ ಇಬ್ಬರೂ ಒಟ್ಟಿಗೆ ಕಲಿತದ್ದು. ವೆನಿಂಗ್ ತೆರೆದು ನೋಡಿದಳು. ಮನೆಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಒಂದು ಮನೆಯ ಸಂದೇಶಗಳಿಗೆ ಸೊನ್ನೆ, ಉಳಿದದ್ದಕ್ಕೆಲ್ಲ ದೊಡ್ಡದೊಂದು ಸಂಖ್ಯೆ. ಅವಳು ಆಫೀಸಿನಲ್ಲಿ ಬರೆಯುವ ಪ್ರೋಗ್ರಾಮುಗಳಲ್ಲಿ ಸೊನ್ನೆಯೆಂದರೆ ತಪ್ಪಿಲ್ಲ, ಎಲ್ಲ ಸುಸೂತ್ರ. ಜೋ ಯಾರಿಗೋ ಒಬ್ಬರಿಗೆ ಸಲೀಸು ಮಾಡಿಕೊಟ್ಟಿದ್ದಾನೆಂದುಕೊಂಡು ಎಲ್ಲರ ಎಲ್ಲದಕ್ಕೂ ಸೊನ್ನೆ ಕೊಟ್ಟಳು.

ಇಡೀ ಗಲ್ಲಿಯ ನೆಟ್ ಸತ್ತಿತು.

"ತೆವಳೋದಾದ್ರೂ ತೆವಳ್ತಿತ್ತು" ಎಂದರು ಬು ಸುಮಿಯೆಮ್.

ಆಗ ನೆನಪಾಯಿತು. ಇಲ್ಲಿ ಸೊನ್ನೆಯೆಂದರೆ ಎಸೆದುಬಿಡು, ಚೂರೂ ಬಿಡಬೇಡ ಎಂದು; ದೊಡ್ಡ ಸಂಖ್ಯೆಯೆಂದರೆ ಪೂರ್ತಿ ಬಿಡು ಎಂದು. ಹಿಂದೊಮ್ಮೆ ಇದೇ ತಪ್ಪಿಗೆ ಜೋ ನಕ್ಕಿದ್ದ. ಈಗ ಎಲ್ಲರಿಗೂ ದೊಡ್ಡ ಸಂಖ್ಯೆ ಹಾಕಿದಳು, ಆ ಒಂದು ಮನೆಗೂ. ಮತ್ತೆ ಶುರು ಮಾಡಿದ್ದಕ್ಕೋ ಏನೋ, ನೆಟ್ ಓಡತೊಡಗಿತು.

ಜೊತೆಗೇ ಜೋನ ಫೋನು ಒಂದೇ ಸಮನೆ ಬಡಿದುಕೊಂಡಿತು. ಅವಳು ಅದನ್ನಿನ್ನೂ ದಿನಾ ಚಾರ್ಜಿಗೆ ಹಾಕುತ್ತಿದ್ದಳು. ಸೊನ್ನೆಯಿದ್ದ ಆ ಮನೆ ವಗಿಮಿನ್ ಅವರದು; ಅವರು ಕಳಿಸಿದ ಸಂದೇಶಗಳು ತಡೆದು ನಿಂತಿದ್ದವು, ಈಗ ಬಂದವು. ಅವಳು ಗಟ್ಟಿಯಾಗಿ ಓದಿದಳು. ಏಣಿ ಕೊಡು. ಏಣಿ ಎಲ್ಲಿ. ನಾಳೆಯಾದ್ರೂ ಏಣಿ. ವಗಿಮಿನ್ ಕಿವಿ ಕೆಂಪಗಾಯಿತು. ಕೊನೆಯದು ಮಣ್ಣು ಮಾಡಿದ ದಿನದ್ದು: "ಏಣಿ ನಿನ್ ಹತ್ರಾನೇ ಇರ್ಲಿ ಜೋ."

ಯಾರೂ ನಗಲಿಲ್ಲ. ವೆನಿಂಗ್ ಏಣಿ ಎತ್ತಿಕೊಂಡಳು. ಒಂದು ಮೆಟ್ಟಿಲು ಹೊಸದು, ಹಸಿರು ಹಳೆಯದಕ್ಕೆ ಹೊಂದಿರಲಿಲ್ಲ. ಮುರಿದದ್ದನ್ನು ಸರಿಪಡಿಸಿ ಬಣ್ಣ ಒಣಗುವವರೆಗೆ ಜೋ ಕೇಳುವವರ ಬಾಯಿ ಕಟ್ಟಿದ್ದ, ಅಷ್ಟೆ.

"ಇಟ್ಕೋ ಮಗಳೇ" ಎಂದರು ವಗಿಮಿನ್. "ಆಂಟೆನಾ ವಾಲಿದ್ರೆ ಇನ್ನು ಹತ್ತೋಳು ನೀನೇ ತಾನೆ?"

ಗಲ್ಲಿಯೆಲ್ಲ ತಲೆಯಾಡಿಸಿತು.

"ಬೇಕಾದಾಗ ಕೇಳ್ತೀನಿ ಪಾಕ್."

ಬಣ್ಣ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಏಣಿಯನ್ನು ಅವರ ಗೋಡೆಗೆ ಒರಗಿಸಿದಳು.