ಖಾಲಿ ಕುರ್ಚಿಯ ಮಂಗಳಪದ್ಯ

ಕಾಲುವೆ ನೀರು ಬಂದ ಮೇಲೆ ಕಂಪ್ಲಿಯ ಅಕ್ಕಿ ಗಿರಣಿಯವರಿಗೆ ಹೊಸ ಶೋಕಿಯೊಂದು ಹತ್ತಿಕೊಂಡಿತ್ತು. ಮದುವೆಯೆಂದರೆ ಗುಲಾಬಿ ಕಾಗದದ ಮೇಲೆ ಮಂಗಳಪದ್ಯ ಅಚ್ಚು ಹಾಕಿಸಿ ಚಪ್ಪರದಲ್ಲಿ ಹಂಚಲೇಬೇಕು. ಅಂದಾನಪ್ಪ ಸಾವ್ಕಾರರು ಮಗಳು ಸುವರ್ಣಮ್ಮನ ಮದುವೆಗೆ ಪದ್ಯ ಬರೆಯುವ ಕೆಲಸವನ್ನು ಗಿರಣಿಯ ಗುಮಾಸ್ತ ಗುಡ್ಡಪ್ಪನಿಗೆ ವಹಿಸಿದರು. ಅನಾಹುತ ಅಲ್ಲಿಂದಲೇ.

ಗುಡ್ಡಪ್ಪ ನವ್ಯಕವಿ. ಸಾಲದ್ದಕ್ಕೆ ಸುವರ್ಣಮ್ಮನನ್ನು ಪ್ರೀತಿಸುತ್ತಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ, ಆಕೆಗೂ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಪದ್ಯ ಓದಿಯಾದರೂ ತಿಳಿದೀತೆಂದು ಬರೆದ:

“ತುಂಬಿದ ಚಪ್ಪರದಲ್ಲಿ ನಾನೊಂದು ಖಾಲಿ ಕುರ್ಚಿ.
ಕೂಗಿದೆ, ಓಗೊಟ್ಟದ್ದು ನನ್ನದೇ ಗಂಟಲು.”

ಸಾವ್ಕಾರರು ಓದುವ ಗೋಜಿಗೆ ಹೋಗದೆ ಅಚ್ಚಿಗೆ ಕಳಿಸಿದರು.

ಮದುವೆಯ ದಿನ ಕಟ್ಟು ಬಿಚ್ಚಿದಾಗ ಮೊದಲ ಪ್ರತಿ ವಧುವಿನ ಸೋದರತ್ತೆ ಕೊಟ್ರಬಸಮ್ಮನ ಕೈಗೆ ಸಿಕ್ಕಿತು.

“ಇದಕ್ಕ ರಾಗನ ಹತ್ತವಲ್ದಲ್ಲೋ ಗುಡ್ಡ! ಇದು ಪದ್ಯಾನೋ, ಹೊಟ್ಟಿಶೂಲಿನೋ?” ಎಂದಳು. ಅಲ್ಲಿಗೂ ಬಿಡದೆ ಹೆಂಗಸರನ್ನು ಕೂಡಿಸಿಕೊಂಡು ಹಾಡಿಯೇಬಿಟ್ಟಳು: “ನಾನೊಂದು ಖಾಲಿ ಕುರ್ಚಿ, ಸೋಬಾನವೇ!”

ಗಿರಣಿಯ ಹಲ್ಲರ್ ಯಂತ್ರಕ್ಕೆ ಬಿದ್ದ ಭತ್ತದಂತೆ ಗುಡ್ಡಪ್ಪನ ಮುಖದ ಬಣ್ಣ ಸುಲಿದುಹೋಯಿತು. ಹಾಡು ಕೇಳಿ ಸಾವ್ಕಾರರು ಓಡಿಬಂದರು.

“ಕುರ್ಚಿ ಖಾಲಿ ಅದಾವಂತ ಊರಿಗೆಲ್ಲ ಸಾರ್ತೀಯೇನಲೇ? ನನ್ನ ಮಗಳ ಮದಿವಿಗೆ ಜನಾನ ಬಂದಿಲ್ಲ ಅಂದಂಗಾತು! ಓಡು, ಹಮಾಲರನ್ನ ಕರ್ಕೊಂಬಂದು ಕುಂದರ್ಸು!”

ಗುಡ್ಡಪ್ಪ ಹಮಾಲರನ್ನು ತಂದು ಕೂರಿಸಿದ. ಅವರು ಪದ್ಯವನ್ನು ಮಡಚಿ ಗಾಳಿ ಬೀಸಿಕೊಂಡರು. ಅಷ್ಟರಲ್ಲಿ ವಧುವಿನ ಕೋಣೆಯಿಂದ ಬುಲಾವು ಬಂತು.

ಸುವರ್ಣಮ್ಮ ಪದ್ಯ ಹಿಡಿದು ಕೂತಿದ್ದಳು. ಕಣ್ಣು ಕೆಂಪಾಗಿದ್ದವು.

“ಇದನ್ನ ಓದಿ ಭಾಳ ಅತ್ತೆ ನೋಡ್ರಿ ಗುಮಾಸ್ತ್ರೇ. ಈ ಮದಿವಿನ ಬ್ಯಾಡಂತ ಹಟ ಹಿಡಿದಿದ್ದೆ. ನನ್ನಂಗ ಒಳಗೊಳಗ ಸುಡೋ ಜೀವ ಇನ್ನೊಂದೈತಿ ಅಂತ ಗೊತ್ತಿರಲಿಲ್ಲ.”

ಗುಡ್ಡಪ್ಪ ಒಂದು ಹೆಜ್ಜೆ ಮುಂದೆ ಬಂದ. “ಈಗ... ಗೊತ್ತಾತೇನ್ರಿ?”

“ಗೊತ್ತಾತ್ರಿ.” ಆಕೆ ನಾಚಿ ಕಾಗದದ ಅಡಿಯಲ್ಲಿ ಬೆರಳಿಟ್ಟಳು.

ಅಲ್ಲಿ ದಪ್ಪಕ್ಷರದಲ್ಲಿ ‘ವರ ಕೊಟ್ರೇಶಪ್ಪ, ಸಂಡೂರು’ ಎಂದಿತ್ತು. ಪದ್ಯ ಯಾರೇ ಬರೆಯಲಿ, ಅಡಿಯಲ್ಲಿ ವರನ ಹೆಸರು ಹಾಕುವುದು ಆ ಕಾಲದ ರಿವಾಜು. ಬೆಳಗಿನಿಂದ ತನ್ನ ಸಾಲುಗಳನ್ನೇ ನೋಡಿ ನೋಡಿ ಸುಖಿಸಿದ್ದ ಗುಡ್ಡಪ್ಪ ಕೆಳಗೆ ಕಣ್ಣು ಹಾಯಿಸಿರಲೇ ಇಲ್ಲ.

“ಗುಮಾಸ್ತಣ್ಣಾ, ಅಪ್ಪಾಜಿಗೆ ಹೇಳಿಬಿಡ್ರಿ. ನಾ ತಯಾರದೀನಿ.”

ಕೊರಳಿಗೆ ತಾಳಿ ಬಿತ್ತು. ಊಟದ ಹೊತ್ತಿಗೆ ವರ ಮೆಲ್ಲಗೆ ಬಂದು ಗುಡ್ಡಪ್ಪನನ್ನು ಕೈತೊಳೆಯುವ ಹಂಡೆಯ ಹಿಂದಕ್ಕೆ ಎಳೆದುಕೊಂಡು ಹೋದ.

“ಗುಮಾಸ್ತ್ರೇ, ಆಕಿ ಪದ್ಯದ ಅರ್ಥ ಕೇಳಾಕತ್ಯಾಳ್ರಿ! ನಾ ಅದಿರು ಲಾರಿ ಓಡ್ಸಾಂವ, ನನಗೇನ್ ತಿಳೀತೈತಿ? ಜಲ್ದಿ ಹೇಳಿಕೊಡ್ರಿ.”

ಗುಡ್ಡಪ್ಪ ತನ್ನ ಒಂಟಿತನವನ್ನು ಒಂದೊಂದೇ ಸಾಲು ಬಿಡಿಸಿ ಹೇಳಿದ. ವರ ಎರಡೆರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡ.

“ಇಷ್ಟನಾ? ನಾ ಏನೋ ದೊಡ್ಡದೈತಿ ಅಂದ್ಕೊಂಡಿದ್ದೆ” ಎಂದು ಮೀಸೆ ತೀಡಿಕೊಂಡು ಒಳಗೆ ಹೋದ.