ಬಿಯರ್ ಹಬ್ಬದಲ್ಲಿ ಬೀಗರ ವಿಭೂತಿ

ಕಾಣಬಾರದ್ದು ಲೋಕದ ಯಾವ ಮೂಲೆಯಲ್ಲಿದ್ದರೂ ಹುಡುಕಿಕೊಂಡು ಬಂದು ನನ್ನ ಕಣ್ಣಿಗೇ ಬೀಳುತ್ತೆ. ಊರ್ಡಿಗೆರೆ ಹುಣಸೆಮರದ ಹತ್ರ ಕೊಳ್ಳಿದೆವ್ವದ ಕೈಲಿ ಬೀಡಿ ಹಚ್ಚಿಸಿಕೊಂಡ ಗಂಡು ನಾನು. ಸ್ಕೂಲಿನ ಬಾಗಿಲು ನೋಡಿದೋನಲ್ಲ, ಜರ್ಮನಿ ನೋಡಿ ಬಂದೆ.

ಹೆಂಗೆ ಅಂತೀರಾ? ತುಮಕೂರಿನ ಶಿರಾ ಗೇಟಿನಲ್ಲಿ ನಂದು ಪಂಪ್‌ಸೆಟ್ ಅಂಗಡಿ. ಜಾಸ್ತಿ ಮಾರಿದ ಡೀಲರುಗಳಿಗೆ ಕಂಪನಿಯೋರು ಫಾರಿನ್ ಟೂರ್ ಕೊಡ್ತಾರೆ, ಜೊತೆಗೊಬ್ಬರನ್ನ ಕರ್ಕೊಂಡು ಹೋಗಬಹುದು. ನನ್ನ ಹೆಂಡತಿ ವಿಮಾನ ಅಂದ್ರೆ ಹೆದರಿ ಪಕ್ಕದ ಗುಬ್ಬಿ ಊರನ್ನೂ ದಾಟಲ್ಲ. ಅದಕ್ಕೆ ಕುಣಿಗಲ್ಲಿನ ಬೀಗರನ್ನ, ಅಂದ್ರೆ ನನ್ನ ಮಗಳ ಮಾವನನ್ನ, ಹೊರಡಿಸಿದೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವಶಿವಾ, ಕಾಫಿ ಕೂಡ ಮುಟ್ಟದ ಜೀವ.

ಟೂರಿನಲ್ಲಿ ಬಿಯರ್ ಹಬ್ಬವೂ ಇದೆ ಅನ್ನೋದು ಬೀಗಿತ್ತಿ ಕಿವಿಗೆ ಬಿತ್ತು. ಬಾಗಿಲಿಗೆ ಅಡ್ಡ ನಿಂತ್ರು.

“ಅಣ್ಣಾ, ನಮ್ಮೋರ ಬಾಯಿಗೆ ಒಂದು ತೊಟ್ಟು ಹೋಯ್ತೋ, ನಿಮ್ಮ ಮಗಳು ಈ ದೀಪಾವಳಿಗೆ ತೌರಿನ ಹೊಸಿಲು ತುಳಿಯಂಗಿಲ್ಲ. ಈಗಲೇ ಹೇಳಿವ್ನಿ.”

ಮದುವೆಯಾದ ಮೇಲೆ ಮಗಳಿಗೆ ಅದು ಮೊದಲ ದೀಪಾವಳಿ. ಅಳಿಯನಿಗೆ ನನ್ನ ಹೆಂಡತಿ ಆಗಲೇ ಪಂಚೆ ತಂದಿಟ್ಟಿದ್ದಳು.

“ದೆವ್ವ ಪಳಗಿಸಿದೋನು ತಾಯಿ, ಬೀಗರೊಬ್ಬರನ್ನ ನೋಡ್ಕಳಲ್ವಾ?” ಅಂದೆ.

ನಗುವ ಹಲ್ಲು

ಹಬ್ಬದ ಬಯಲಿಗೆ ಹೋದಾಗ ಮಟಮಟ ಮಧ್ಯಾಹ್ನ. ಆದರೂ ಮಂಜು, ಎದುರಿಗೆ ಬರೋರ ಕಾಲು ಕಾಣೋದು, ತಲೆ ಕಾಣ್ತಿರಲಿಲ್ಲ. ಆ ನೂಕುನುಗ್ಗಲಲ್ಲಿ ಬೀಗರ ಟವೆಲ್ ಹೋಯ್ತು. ಕಳೆದ ಸಾಮಾನು ಇಡೋ ಆಫೀಸಿಗೆ ನಮ್ಮ ಗೈಡಮ್ಮ ಕರ್ಕೊಂಡು ಹೋದಳು.

ಒಳಗೆ ತಣ್ಣಗೆ, ಸದ್ದಿಲ್ಲ. ಆಫೀಸಿನೋನು ಒಂದು ತಟ್ಟೆ ಎಳೆದ. ತಟ್ಟೆ ತುಂಬ ಹಲ್ಲು! ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲವೂ ನಮ್ಮನ್ನೇ ನೋಡಿ ಕಿಸೀತಿದ್ವು.

ಬೀಗರು ನನ್ನ ತೋಳು ಹಿಡ್ಕೊಂಡ್ರು. “ಬೀಗ್ರೇ, ಮಿಕ್ಕಿದ್ದನ್ನೆಲ್ಲ ಏನ್ ಮಾಡುದ್ರು?”

“ಕಟ್ಟಿಸಿದ ಹಲ್ಲು ಅಂಕಲ್, ಕುಡಿದು ಮರೆತು ಹೋಗ್ತಾರೆ,” ಅಂದಳು ಗೈಡಮ್ಮ.

ಪಕ್ಕದ ಮೂಲೆಯಲ್ಲಿ ಊರುಗೋಲುಗಳು ಒರಗಿದ್ವು. ಬೀಗರು ತುಂಬ ಹೊತ್ತು ನೋಡಿ ಅಂದ್ರು: “ಕುಂಟ್ಕಂಡು ಬಂದೋನು ಓಡೋದ್ನಾ? ಇದ್ಯಾವ ಸೀಮೆ ದೇವ್ರು ಬೀಗ್ರೇ, ಕಾಲು ಕೊಟ್ಟು ಹಲ್ಲು ಕಿತ್ಕಳೋದು!”

ಸನ್ಮಾನ

ಅಲ್ಲೊಂದು ನಾಟಕದ ಡೇರೆ. ಮುಂದಿನ ಸಾಲಲ್ಲೇ ಕೂತ್ವಿ. ಕರಿ ಕೋಟಿನೋನು ಸ್ಟೇಜಿನಿಂದ ಬೀಗರ ಕಡೆ ಕೈ ಮಾಡಿ ಕರೆದ. ನಮ್ಮ ಕಡೆ ಸ್ಟೇಜಿಗೆ ಕರೆದ್ರು ಅಂದ್ರೆ ಅದಕ್ಕೆ ಒಂದೇ ಅರ್ಥ: ಶಾಲು, ಹಾರ, ಹಣ್ಣಿನ ಬುಟ್ಟಿ. ಬೀಗರು ಜುಬ್ಬ ಸರಿ ಮಾಡ್ಕೊಂಡು, “ನನಗ್ಯಾಕೆ, ನನಗ್ಯಾಕೆ,” ಅಂತ ನಾಚ್ಕೊಂಡೇ ಹತ್ತಿದ್ರು.

ಮೇಲೆ ಹೋದೋರನ್ನ ಹಲಗೆ ಮೇಲೆ ಬೋರಲು ಮಲಗಿಸಿದ್ರು. ಅವರ ಕತ್ತಿನ ಮೇಲೆ ಬಾಗಿಲಗಲದ ಕತ್ತಿ! ಡೋಲು ನಿಂತಿತು. ದಡಲ್! ಕರಿ ಕೋಟಿನೋನು ತಟ್ಟೆಯಲ್ಲೊಂದು ತಲೆ ಎತ್ತಿ ತೋರಿಸಿದ.

ನಾನು ಹೆದರಲಿಲ್ಲ. ಚಪ್ಪಲಿ ಹುಡುಕಕ್ಕೆ ಅಂತ ಬೆಂಚಿನ ಕೆಳಗೆ ತೂರಿದೆ, ಅಷ್ಟೇ. ಕಣ್ಣ ಮುಂದೆ ಬೀಗಿತ್ತಿ ಬಂದು ನಿಂತ್ರು. ಒಂದು ತೊಟ್ಟು ಕುಡಿದಿದ್ರೂ ಸಮಾಧಾನ ಹೇಳಬಹುದಿತ್ತು, ತಲೆ ಇಲ್ಲದ ಗಂಡನನ್ನ ಒಪ್ಪಿಸಿ ದೀಪಾವಳಿ ಮಾತು ತೆಗೆಯೋದು ಹೆಂಗೆ? ಆಮೇಲೆ ಆ ತಲೆ ಸರಿಯಾಗಿ ನೋಡ್ದೆ. ಹಣೇಲಿ ವಿಭೂತಿ ಇಲ್ಲ! ಸತ್ರೂ ನಮ್ಮ ಬೀಗರು ಬೋಳು ಹಣೇಲಿ ಸಾಯೋರಲ್ಲ.

ಅಷ್ಟರಲ್ಲಿ ಬೀಗರು ಹಿಂದಿನ ಬಾಗಿಲಿಂದ ಬಂದ್ರು, ಕತ್ತು ಸವರ್ಕೊಂಡು, ಮುಖ ಊದಿಸ್ಕೊಂಡು. “ಏನ್ ಜನ ಬೀಗ್ರೇ! ಒಂದ್ ಹಾರನಾದ್ರೂ ಹಾಕಬಾರದಾ? ಬರೀ ಕತ್ತು ಕತ್ತರಿಸಿ ಕಳಿಸಿದ್ರು!”

ತೇಲಿ ಬಂದ ತಲೆ

ಬೀಗರನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿ, “ಬಸ್ಸು ಹೊರಡೋ ಹೊತ್ತಿಗೆ ಬರ್ತೀನಿ, ಅಲ್ಲಾಡಬೇಡಿ,” ಅಂತ ಹೇಳಿ ಬಿಯರ್ ಡೇರೆಯೊಳಗೆ ಹೋದೆ. ಬರೀ ನೋಡಕ್ಕೆ. ನಮ್ಮ ತುಮಕೂರಿನ ಮಂಡಿಯಷ್ಟು ದೊಡ್ಡದು, ಒಳಗೆಲ್ಲ ಹಬೆ. ಆ ಹಬೆಯಿಂದ ಒಂದು ಹೆಂಗಸಿನ ತಲೆ ತೇಲ್ಕೊಂಡು ಬಂತು. ಕತ್ತಿನ ಕೆಳಗೆ ಸೊಂಟದವರೆಗೂ ಮೈಯೇ ಇಲ್ಲ, ಕೈಯೇ ಇಲ್ಲ, ಬರೀ ಗಾಜಿನ ಮಗ್ಗು. ಯಾವ ದೇವತೆಯೋ ಏನೋ ಅಂತ ಕೈ ಮುಗಿದೆ. ಆ ತಾಯಿ ನನ್ನ ಮುಂದೆ ಒಂದು ಮಗ್ಗು ಕುಕ್ಕಿ ಮಾಯವಾದಳು.

ಪ್ರಸಾದ ಬೇಡ ಅನ್ನಕ್ಕಾಗುತ್ತಾ? ಬೀಗಿತ್ತಿ ಆಣೆ ಹಾಕಿದ್ದು ಬೀಗರ ಬಾಯಿಗೆ. ನನ್ನ ಬಾಯಿ ಸುದ್ದಿ ಅವರು ಎತ್ತಿರಲೇ ಇಲ್ಲ.

ದಿಬ್ಬ

ಹೊರಗೆ ಬಂದೆ. ಬೆಂಚು ಖಾಲಿ.

ಗೈಡಮ್ಮ ಫೋನ್ ಮೇಲೆ ಫೋನ್: “ಬಸ್ ಹೊರಡ್ತಿದೆ ಅಂಕಲ್!” ಎಲ್ಲಿ ಅಂತ ಹುಡುಕಲಿ? ಸಾವಿರಾರು ಜನ, ಎಲ್ಲರಿಗೂ ಕೆಂಪು ಮೂತಿ, ಚರ್ಮದ ಚಡ್ಡಿ. ಅಷ್ಟರಲ್ಲಿ ಒಬ್ಬ ಧಡಿಯ ತೂರಾಡ್ಕೊಂಡು ಎದುರಿಗೆ ಬಂದ. ಹಣೇಲಿ ಮೂರು ಗೆರೆ ವಿಭೂತಿ! ಮೈ ಜುಮ್ ಅಂತು. ಹಿಂದೆ ಇನ್ನೊಬ್ಬ, ಅವನ ಹಣೇಲೂ ಅದೇ. ಗೆರೆ ನೋಡಿದ್ರೆ ಬೀಗರ ಬೆರಳೇ. ಅವರು ಬಂದ ದಿಕ್ಕಿಗೇ ಓಡಿದೆ.

ಡೇರೆಗಳ ಹಿಂದೆ ಹುಲ್ಲಿನ ದಿಬ್ಬ. ದಿಬ್ಬದ ತುಂಬ ಹೆಣ. ಬಾಯಿ ತೆರೆದೋರು, ಕೈ ಚೆಲ್ಲಿದೋರು, ಒಂದೇ ಶೂ ಇದ್ದೋರು. ಮಂಜು ಅವರ ಮೇಲೆ ಬಟ್ಟೆ ಹೊದಿಸಿದಂಗೆ ಕೂತಿತ್ತು. ನಡುವೆ ಬೀಗರು, ಬರಿಗಾಲಲ್ಲಿ, ಒಂದೊಂದೇ ಹಣೆಗೆ ಬಗ್ಗಿ ವಿಭೂತಿ ಹಚ್ತಾ ಹೋಗ್ತಿದ್ರು.

“ಬೀಗ್ರೇ! ಏನಿದು?”

“ಶ್, ಚಪ್ಪಲಿ ಬುಡಿ. ಇಷ್ಟು ಜನ ಸತ್ತವ್ರೆ, ಅಳೋರೊಬ್ರಿಲ್ಲ. ಹಣೇಲಿ ಇದಿದ್ರೆ ಶಿವ ಏನೂ ಕೇಳದೆ ಒಳಿಕ್ಕೆ ಬುಟ್ಕತಾನೆ.”

ಅಷ್ಟು ಹೇಳಿ ಒಬ್ಬನ ಹಣೆ ಮೇಲೆ ಬೆರಳಿಟ್ರು. ಹೆಣ ಕಣ್ಣು ಬಿಡ್ತು. ಪಕ್ಕದ್ದು ಎದ್ದು ಕೂತಿತು. ಅದರ ಪಕ್ಕದ್ದು ಕೆಮ್ಮಿತು. ದಿಬ್ಬದುದ್ದಕ್ಕೂ ಬಿಳಿ ಗೆರೆಯ ಹಣೆಗಳು ಮಂಜಿನಿಂದ ಒಂದೊಂದಾಗಿ ಮೇಲೆದ್ವು.

ಬೀಗರು ಆಕಾಶ ನೋಡಿ ಕೂಗಿದ್ರು: “ಒಳಿಕ್ಕೆ ಕರ್ಕಳಪ್ಪಾ ಅಂದ್ರೆ ಎಲ್ರನ್ನೂ ವಾಪಸ್ ಕಳಿಸಿದ್ಯಲ್ಲೋ ಶಿವನೇ!”

ಎದ್ದೋರು ಬಿಡ್ತಾರಾ? ಒಬ್ಬ ತಬ್ಬಿಕೊಂಡ, ಒಬ್ಬ ಕೈ ಮುಗಿದ, ಹಚ್ಚಿಸಿಕೊಳ್ಳದೆ ಇದ್ದೋರೆಲ್ಲ ಹಣೆ ಮುಂದೆ ಚಾಚ್ಕೊಂಡು ಸಾಲು ನಿಂತ್ರು. ಹುಡುಕ್ಕೊಂಡು ಬಂದ ಗೈಡಮ್ಮ ಫೋಟೋ ಹೊಡೆದಳು. ವಿಭೂತಿ ಗಟ್ಟಿ ಸವೆದು ಮುಗಿದ ಮೇಲೇ ನಾವು ಬಸ್ ಹತ್ತಿದ್ದು.

ಕುಣಿಗಲ್ಲಿನಲ್ಲಿ ಬೀಗಿತ್ತಿ ಮೊದಲು ಗಂಡನ ಬಾಯಿ ಮೂಸಿದ್ರು. ಆಮೇಲೆ ಚೀಲ ತಡಕಿದ್ರು. “ವಿಭೂತಿ ಗಟ್ಟಿ ಎಲ್ಲಿ?”

“ಸತ್ತೋರಿಗೆ ಹಚ್ಚಿದೆ ಕಣೇ.”

“ಅಯ್ಯೋ ಪಾಪ!”

“ಪಾಪ ಏನ್ ಬಂತು, ಎದ್ದು ಇನ್ನೊಂದು ಮಗ್ಗು ಕುಡಿಯಕ್ಕೋದ್ರು.”

ಬೀಗಿತ್ತಿ ನನ್ನ ಕಡೆ ತಿರುಗಿದ್ರು. “ಇವ್ರು ಕುಡಿದವ್ರೆ!”

“ಇಲ್ಲ ತಾಯಿ, ಶಿವನಾಣೆಗೂ ನಿಜ,” ಅಂದೆ.

“ನೀವೂ ಕುಡಿದಿದೀರಿ!”

ಬಾಗಿಲ ಸಂದಿಯಲ್ಲಿ ಮಗಳ ಮುಖ ಸಣ್ಣದಾಯ್ತು. ಬೇರೆ ದಾರಿ ಕಾಣದೆ ಗೈಡಮ್ಮ ಕಳಿಸಿದ್ದ ಫೋಟೋ ಫೋನಲ್ಲಿ ತೆಗೆದು ಕೊಟ್ಟೆ. ಬೀಗಿತ್ತಿ ಕನ್ನಡಕ ಹಾಕ್ಕೊಂಡು ನೋಡಿದ್ರು. ನಡುವೆ ಬರಿಗಾಲ ಗಂಡ, ಸುತ್ತ ವಿಭೂತಿ ಹಚ್ಕೊಂಡು ಕೈ ಮುಗಿದ ಬಿಳಿ ಜನ. ಬೀಗಿತ್ತಿ ಕಣ್ಣು ತುಂಬಿ ಬಂತು.

“ಹಬ್ಬ ಗಿಬ್ಬ ಅಂತ ಸುಳ್ಳು ಹೇಳಿ, ಮಠಕ್ಕೆ ಹೋಗಿ ಬಂದಿದೀರಾ ಅಣ್ಣಾ?”

ನಾನು ಫೋನ್ ಇಸ್ಕೊಂಡು ಮೆಲ್ಲಗೆ ಜೇಬಿಗಿಳಿಸಿದೆ. ದೀಪಾವಳಿಗೆ ಮಗಳೂ ಅಳಿಯನೂ ಮೊದಲೇ ಬಂದ್ರು. ಈಗ ಕುಣಿಗಲ್ಲಿನ ಭಜನೆ ಮಂಡಳಿಯ ಹೆಂಗಸರೆಲ್ಲ ಪಾಸ್‌ಪೋರ್ಟ್ ಮಾಡಿಸ್ತಾವ್ರೆ. ಆ ಮಠಕ್ಕೆ ಕರ್ಕೊಂಡು ಹೋಗೋ ಜವಾಬ್ದಾರಿ ನಂದೇ ಅಂತೆ.