ಕಪ್ಪು ಕಪಾಟಿಗೆ ಹೊಸ ಬೀಗ

ಎಲ್ಲಕ್ಕೂ ಮೂಲ ಒಬ್ಬ ಹಿರಿಯ ನಟನ ಕೆಮ್ಮು. ಅವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂಬ ಸುದ್ದಿ ಬೆಳಿಗ್ಗೆ ಹತ್ತಕ್ಕೆ ಬಂತು. ಹತ್ತೂ ಐದಕ್ಕೆ ಸುದ್ದಿತಾಣದ ಸಂಪಾದಕಿ ಕಪ್ಪು ಕಪಾಟನ್ನು ತೆರೆದಳು.

ಕಪ್ಪು ಕಪಾಟೆಂದರೆ ಮರದ್ದಲ್ಲ, ಕಂಪ್ಯೂಟರಿನೊಳಗಿನದು. ದೊಡ್ಡ ಮನುಷ್ಯರು ತೀರಿಕೊಂಡ ದಿನ ಹಾಕಲೆಂದು, ಅವರಿನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಬರೆದಿಟ್ಟ ಲೇಖನಗಳು ಅದರಲ್ಲಿರುತ್ತವೆ. ಈ ಏರ್ಪಾಡು ಸಂಪಾದಕಿಯದೇ. ಎರಡು ವರ್ಷದ ಹಿಂದೆ ಒಬ್ಬ ಗಾಯಕಿ ತೀರಿಕೊಂಡಾಗ ಇವರ ಸುದ್ದಿತಾಣ ಎದುರಾಳಿಗಿಂತ ನಲವತ್ತು ನಿಮಿಷ ಹಿಂದೆ ಬಿದ್ದಿತ್ತು. ಆ ಅವಮಾನಕ್ಕೆ ಹಟ ಹಿಡಿದು ಇದನ್ನು ಮಾಡಿಸಿದ್ದಳು. ಈ ಕಪಾಟಿನಿಂದ ಹೊರಬಿದ್ದ ಲೇಖನಕ್ಕೆ ತಾನಾಗಿಯೇ ಕಪ್ಪು ಚೌಕಟ್ಟು ಬೀಳುತ್ತದೆ, ನೆತ್ತಿಯ ಮೇಲೆ ‘ಇನ್ನಿಲ್ಲ’ ಎಂದು ಕೂರುತ್ತದೆ, ಒಂಬತ್ತು ಲಕ್ಷ ಓದುಗರ ಫೋನು ಟಣ್ ಎನ್ನುತ್ತದೆ. ಎಲ್ಲ ಸೇರಿ ಎಂಟು ಸೆಕೆಂಡು. ಹೊರಗಿನವರು ಯಾರಾದರೂ ಆಫೀಸಿಗೆ ಬಂದರೆ, ಕೂಸಿನ ಹೊಸ ಹಲ್ಲು ತೋರಿಸುವ ತಾಯಿಯಂತೆ ಅವಳು ಇದನ್ನು ತೋರಿಸುತ್ತಿದ್ದಳು.

ಇವತ್ತು ನಟರ ಲೇಖನ ಹುಡುಕುತ್ತಾ ಕೆಳಗಿಳಿದವಳು ಗಕ್ಕನೆ ನಿಂತಳು. ಒಬ್ಬ ಮಾಜಿ ಮಂತ್ರಿಗೂ ಒಬ್ಬ ನಿವೃತ್ತ ಕುಸ್ತಿಪಟುವಿಗೂ ನಡುವೆ ಅವಳದೇ ಫೋಟೋ ಇತ್ತು.

‘ನಮ್ಮ ಸಂಪಾದಕಿ: ಹದಿನೆಂಟು ವರ್ಷದ ಹಾದಿ. ಪ್ರಕಟಣೆ: ಇಂದು, ಸಂಜೆ ಐದಕ್ಕೆ.’

ಒತ್ತಿದಳು. ತೆರೆಯಲಿಲ್ಲ. ಬರೆದವನು ಡೆಪ್ಯೂಟಿ, ಅಂದರೆ ಸುದ್ದಿಮನೆಯಲ್ಲಿ ಅವಳ ನಂತರದ ಸ್ಥಾನದವನು. ಬೀಗ ಹಾಕಿದವನೂ ಅವನೇ. ಆಸ್ಪತ್ರೆಯಲ್ಲಿ ಮಲಗಿರುವ ನಟನಿಗೇ ಯಾರೂ ಹೊತ್ತು ಗೊತ್ತು ಮಾಡಿರಲಿಲ್ಲ. ತನಗೆ ಮಾಡಿದ್ದಾರೆ!

ಹೋದ ವಾರ ಆಫೀಸಿನವರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದ್ದು ನೆನಪಾಯಿತು. ಬಾಗಿಲು ಹಾಕಿಕೊಂಡು ಲ್ಯಾಬಿಗೆ ಫೋನ್ ಮಾಡಿದಳು.

“ರಿಪೋರ್ಟ್ ನಿಮ್ಮ ಆಫೀಸಿಗೆ ಕಳಿಸಿಬಿಟ್ಟಿದ್ದೀವಿ, ಮೇಡಂ. ನಾವು ಫೋನಲ್ಲಿ ಹೇಳೋ ಹಾಗಿಲ್ಲ.”

“ಏನಾದ್ರೂ... ಹೆಚ್ಚುಕಮ್ಮಿ ಇದ್ಯಾ?”

“ಹೇಳೋ ಹಾಗಿಲ್ಲ ಮೇಡಂ,” ಎಂದಿತು ಆ ಕಡೆಯ ದನಿ, ಎಷ್ಟು ಮೃದುವಾಗಿ ಎಂದರೆ ಸಂಪಾದಕಿಯ ಎದೆ ಧಸಕ್ಕೆಂದಿತು.

ಫೋನಿಟ್ಟು ನೀರು ಕುಡಿದಳು. ತಾನು ಪತ್ರಕರ್ತೆ, ಹೆದರಬಾರದು, ಮೊದಲು ವಿಚಾರಿಸಬೇಕು ಎಂದು ತನಗೆ ತಾನೇ ಗದರಿಕೊಂಡು ಡೆಪ್ಯೂಟಿಯ ಮೇಜಿನ ಹತ್ತಿರ ಹೋದಳು. ನಾಲ್ಕೈದು ಜನ ಅಲ್ಲಿ ಗುಂಪು ಕೂಡಿ ಪಿಸುಗುಡುತ್ತಿದ್ದವರು ಅವಳನ್ನು ಕಂಡದ್ದೇ ದಿಕ್ಕಾಪಾಲಾದರು.

“ಕಪ್ಪು ಕಪಾಟಿಗೆ ಹೊಸದೇನಾದ್ರೂ ಹಾಕಿದೀರಾ?”

ಡೆಪ್ಯೂಟಿಗೆ ಟೀ ನೆತ್ತಿಗೇರಿತು. “ಇಲ್ಲಪ್ಪ! ಏನೂ ಇಲ್ಲ ಮೇಡಂ. ಆ ನಟರದ್ದು ನಾನೇ ತಿದ್ತೀನಿ, ನೀವು ಅದನ್ನ ತೆಗೀಲೇಬೇಡಿ.” ಆಮೇಲೆ ಕೆಮ್ಮಿನ ನಡುವೆಯೇ, “ಅಂದಹಾಗೆ, ನಿಮ್ಮದೊಂದು ಒಳ್ಳೆ ಫೋಟೋ ಇದ್ಯಾ? ನಗ್ತಾ ಇರೋದು? ದೊಡ್ಡದು ಮಾಡಿದ್ರೂ ಚೆನ್ನಾಗಿ ಕಾಣ್ಬೇಕು,” ಎಂದ.

ದೊಡ್ಡ ಫೋಟೋ ಏತಕ್ಕೆ ಬೇಕಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಲೆಳೆದುಕೊಂಡು ತನ್ನ ಕೋಣೆಗೆ ಮರಳಿದಳು.

ಸಾಯುವ ಯೋಚನೆ ತಡೆಯಲಾರದೆ ಮನಸ್ಸು ಇನ್ನೊಂದು ದಾರಿ ಹುಡುಕಿತು. ಸಾಯುವುದಲ್ಲ, ಕೆಲಸದಿಂದ ತೆಗೆಯುತ್ತಿರಬಹುದು. ಅದು ಹೊಳೆದ ಮೇಲೆ ಭಯ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಇಪ್ಪತ್ತೆರಡನೇ ವಯಸ್ಸಿಗೆ ಈ ಸಂಸ್ಥೆಗೆ ಬಂದಿದ್ದಳು. ಅಪರಾಧದ ವರದಿ ಮಾಡುತ್ತೇನೆಂದರೆ ಫಲಪುಷ್ಪ ಪ್ರದರ್ಶನಕ್ಕೆ ಕಳಿಸುತ್ತಿದ್ದರು. ಅಲ್ಲಿಯೇ ಒಂದು ಕಳ್ಳತನ ಪತ್ತೆ ಮಾಡಿ ಮುಖಪುಟಕ್ಕೆ ಬಂದವಳು ಅವಳು. ಡಿಜಿಟಲ್ ವಿಭಾಗವನ್ನು ಅವಳ ಕೈಗೆ ಕೊಟ್ಟಾಗ ಅದು ಮೆಟ್ಟಿಲ ಕೆಳಗಿನ ನಾಲ್ಕು ಕುರ್ಚಿ ಮತ್ತು ಒಂದು ಕೆಟ್ಟ ಫ್ಯಾನು. ಈಗ ನಲವತ್ತು ಜನರ ಸುದ್ದಿಮನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸುಳ್ಳು ಸುದ್ದಿ ಅವಳ ಕೈ ದಾಟಿ ಹೋಗಿರಲಿಲ್ಲ. ಎರಡು ಕಡೆಯಿಂದ ಖಚಿತವಾಗದೆ ಅವಳು ಮಳೆ ಬಂತೆಂದೂ ಹಾಕುತ್ತಿರಲಿಲ್ಲ. ಈ ಕುರ್ಚಿ ಹೋದರೆ ತಾನು ಯಾರು ಎಂದು ಕೇಳಿಕೊಂಡಳು.

ಮಧ್ಯಾಹ್ನ ಗಂಡ ಫೋನ್ ಮಾಡಿದ. “ಊಟ ಆಯ್ತಾ? ಸರಿಯಾಗಿ ತಿಂದ್ಯಾ?”

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಈ ಪ್ರಶ್ನೆ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

“ಯಾಕ್ರೀ, ನಿಮಗೇನಾದ್ರೂ ಗೊತ್ತಾ? ಆಫೀಸಿಂದ ಫೋನ್ ಬಂದಿತ್ತಾ?”

“ಛೆ ಛೆ, ನನಗೇನ್ ಗೊತ್ತು! ನೀನು ಮಾತ್ರ ಧೈರ್ಯವಾಗಿರು,” ಎಂದು ಫೋನಿಟ್ಟುಬಿಟ್ಟ.

ಹಿಂದೆಯೇ ಸಿಬ್ಬಂದಿ ವಿಭಾಗದ ಹೆಂಗಸು ಬಾಗಿಲಲ್ಲಿ ತಲೆ ಹಾಕಿದಳು. ಅವಳ ಕೈಯಲ್ಲೊಂದು ಲಕೋಟೆ. ಸಂಪಾದಕಿ ನೋಡುತ್ತಿದ್ದಂತೆ ಅದನ್ನು ಬೆನ್ನ ಹಿಂದೆ ಸರಿಸಿದಳು.

“ಮೇಡಂ, ಐದು ಗಂಟೆಗೆ ಮೇಲಿನ ಹಾಲಿಗೆ ಬನ್ನಿ. ಯಜಮಾನ್ರೂ ಬರ್ತಾರೆ.”

“ನನ್ನ ರಕ್ತದ ರಿಪೋರ್ಟು...”

“ಅಯ್ಯೋ, ಈಗ್ಯಾಕೆ ಮೇಡಂ ಅದೆಲ್ಲಾ!” ಎಂದು ನಕ್ಕು ಹೋದಳು.

ಯಜಮಾನರೆಂದರೆ ಸಂಸ್ಥೆಯ ಮಾಲೀಕರು. ಅವರು ಆ ಮಹಡಿಗೆ ಕೊನೆಯ ಸಲ ಬಂದದ್ದು ಜಾಹೀರಾತು ಮುಖ್ಯಸ್ಥನನ್ನು ಮನೆಗೆ ಕಳಿಸಿದ ದಿನ. ಆದರೆ ಹೆದರಿದವರಿಗೆ ಒಮ್ಮೊಮ್ಮೆ ಎಲ್ಲಿಂದಲೋ ಮೊಂಡು ಧೈರ್ಯ ಬರುತ್ತದಲ್ಲ, ಅವಳಿಗೂ ಬಂತು. ತನ್ನನ್ನು ಕಳಿಸುವುದಾದರೆ ಕಳಿಸಲಿ, ಆದರೆ ಒಂಬತ್ತು ಲಕ್ಷ ಜನರ ಮುಂದೆ ಸಾರುವುದು ಬೇಡ. ಡೆಪ್ಯೂಟಿಯ ಬೀಗ ತೆಗೆಯಲು ಅವಳಿಂದಾಗದು ನಿಜ. ಇಡೀ ಕಪಾಟಿಗೇ ಬೀಗ ಜಡಿಯುವ ಅಧಿಕಾರ ಅವಳೊಬ್ಬಳಿಗೇ ಇತ್ತು. ನಾಲ್ಕು ಗಂಟೆಗೆ ಕೈಗೆ ಸಿಕ್ಕ ಅಕ್ಷರ, ಅಂಕಿಗಳನ್ನೆಲ್ಲ ಕುಟ್ಟಿ ಹೊಸ ಪಾಸ್‌ವರ್ಡ್ ಹಾಕಿದಳು. ಮತ್ತೊಮ್ಮೆ ಹಾಕಿ ಎಂದು ಕೇಳಿದ ಕಡೆ ಅದನ್ನೇ ನಕಲು ಮಾಡಿ ಅಂಟಿಸಿದಳು. ಇನ್ನು ಯಾರೂ ಒಳಗೆ ಕೈ ಹಾಕುವಂತಿಲ್ಲ.

ಆಮೇಲೆ ಒಂದು ರಟ್ಟಿನ ಡಬ್ಬಿಗೆ ತನ್ನ ಸಾಮಾನು ತುಂಬಿದಳು. ಒಂದು ಪುಟ್ಟ ಗಿಡ, ಕನ್ನಡಕದ ಪೆಟ್ಟಿಗೆ, ಹಿಡಿ ಒಡೆದ ಟೀ ಕಪ್, ಫಲಪುಷ್ಪ ಪ್ರದರ್ಶನದ ಆ ಹಳೆಯ ಮುಖಪುಟ. ಹದಿನೆಂಟು ವರ್ಷ ಡಬ್ಬಿಯ ಅರ್ಧಕ್ಕೂ ಬರಲಿಲ್ಲ. ಅದಕ್ಕೆ ಅವಳಿಗೆ ಅಳು ಬಂತು.

ಐದಕ್ಕೆ ಹತ್ತು ನಿಮಿಷವಿರುವಾಗ ಡಬ್ಬಿಯನ್ನು ಅವುಚಿಕೊಂಡು ಮೆಟ್ಟಿಲು ಹತ್ತಿದಳು. ಹಾಲಿನ ಬಾಗಿಲು ತಳ್ಳಿದ್ದೇ ತಡ, ನಲವತ್ತು ಜನ ಒಮ್ಮೆಗೇ ಹೋ ಎಂದು ಕೂಗಿದರು. ಡಬ್ಬಿ ಕೈಯಿಂದ ಜಾರಿತು. ಬಲೂನುಗಳು, ಕೇಕು, ಗೋಡೆಯ ಮೇಲೆ ಅವಳದೇ ಆಳೆತ್ತರದ ನಗುಮುಖ. ಮುಂದಿನ ಸಾಲಿನಲ್ಲಿ ಗಂಡ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ.

ಯಜಮಾನರು ಲಕೋಟೆ ತೆರೆದು ಓದಿದರು: “ಹದಿನೆಂಟು ವರ್ಷದಲ್ಲಿ ಒಂದೂ ಸುಳ್ಳು ಸುದ್ದಿ ಹೊರಹೋಗಲು ಬಿಡದ ನಮ್ಮ ಸಂಪಾದಕಿಯನ್ನು ಇಂದಿನಿಂದ ಸಂಸ್ಥೆಯ ಎಲ್ಲ ಆವೃತ್ತಿಗಳ ಪ್ರಧಾನ ಸಂಪಾದಕಿಯಾಗಿ ನೇಮಿಸಲಾಗಿದೆ.” ತಲೆಯೆತ್ತಿ, “ರಕ್ತದ ರಿಪೋರ್ಟೂ ಚೆನ್ನಾಗಿದೆಯಂತಮ್ಮ. ಕೇಕ್ ತಿನ್ನು, ಪರವಾಗಿಲ್ಲ,” ಎಂದರು.

ಬೆಳಗಿನಿಂದ ಹಿಡಿದಿಟ್ಟ ಉಸಿರೆಲ್ಲ ಒಂದೇ ಸಲ ಹೊರಬಂತು. ಅವಳು ನಕ್ಕಳು, ಅತ್ತಳು, ಗಂಡನಿಗೆ ಎಲ್ಲರೆದುರೇ ಒಂದು ಗುದ್ದಿದಳು. “ನಾನು ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ! ಆ ಲೇಖನ ಹೋಗಿ ಹೋಗಿ ಅಲ್ಲಿ ಯಾಕ್ರೀ ಇಟ್ರಿ?” ಎಂದು ಡೆಪ್ಯೂಟಿಯನ್ನು ಕೇಳಿದಳು.

“ನೀವು ಎಲ್ಲಾ ಕಡೆ ಇಣುಕ್ತೀರಿ ಮೇಡಂ. ಅಲ್ಲಾದ್ರೆ ಯಾರಾದ್ರೂ ದೊಡ್ಡವರು ಹಾಸಿಗೆ ಹಿಡಿದಾಗ ಮಾತ್ರ ನೋಡೋದು,” ಎಂದ ಡೆಪ್ಯೂಟಿ. ಅವನ ಹಣೆಯಲ್ಲಿ ಬೆವರಿತ್ತು. “ನಾಲ್ಕೂವರೆಗೆ ಬೇರೆ ಕಪಾಟಿಗೆ ದಾಟಿಸೋಣ ಅಂತಿದ್ದೆ. ನೋಡಿದ್ರೆ ಇಡೀ ಕಪಾಟಿಗೆ ಹೊಸ ಬೀಗ, ಗುಟ್ಟು ಬಿಟ್ಟುಕೊಡದೆ ನಿಮ್ಮನ್ನ ಕೇಳೋ ಹಾಗೂ ಇರ್ಲಿಲ್ಲ. ಆಗಿಂದ ಒದ್ದಾಡ್ತಿದ್ದೀನಿ.”

ಸಂಪಾದಕಿಯ ಬಾಯಲ್ಲಿದ್ದ ಕೇಕು ಅಲ್ಲೇ ನಿಂತಿತು. “ಬೀಗ ಹಾಕಿದ್ರೆ ಹೊರಗೆ ಹೋಗಲ್ಲ, ಅಲ್ವಾ?”

ಅಲರ್ಟು ಕಳಿಸುವ ಕೆಲಸದವನನ್ನು ಆಫೀಸೆಲ್ಲ ಟಣ್ಣಪ್ಪ ಎನ್ನುತ್ತಿತ್ತು. ಅವನು ಕನ್ನಡಕ ಸರಿಮಾಡಿಕೊಂಡು ಹೇಳಿದ: “ಬೀಗ ಮನುಷ್ಯರಿಗೆ ಮೇಡಂ. ಹೊತ್ತು ಕೊಟ್ಟಿದ್ದು ಹೋಗೇ ಹೋಗತ್ತೆ. ಯಾರಿಗೂ ಕಾಯಬಾರದು ಅಂತ ನೀವೇ ಮಾಡಿಸಿದ್ದಲ್ವಾ?”

ಗೋಡೆಯ ಗಡಿಯಾರ ಐದಕ್ಕೆ ಬಂತು. ಅವಳು ಎಂಟು ಸೆಕೆಂಡು ಎಣಿಸಿದಳು. ಹಾಲಿನ ಅಷ್ಟೂ ಫೋನುಗಳು ಒಟ್ಟಿಗೆ ಟಣ್ ಎಂದವು.

‘ಇನ್ನಿಲ್ಲ. ನಮ್ಮ ಸಂಪಾದಕಿ: ಹದಿನೆಂಟು ವರ್ಷದ ಹಾದಿ.’ ಸುತ್ತ ಕಪ್ಪು ಚೌಕಟ್ಟು. ನಡುವೆ ನಗುಮುಖ.

“ಪಾಸ್‌ವರ್ಡ್ ಹೇಳಿ ಮೇಡಂ, ಬೇಗ!” ಎಂದು ಟಣ್ಣಪ್ಪ ಕಂಪ್ಯೂಟರಿಗೆ ಹಾರಿದ. ತಾನೇನು ಕುಟ್ಟಿದ್ದೆನೆಂದು ದೇವರಾಣೆಗೂ ಅವಳಿಗೆ ಗೊತ್ತಿರಲಿಲ್ಲ.

ಮೊದಲ ಫೋನು ಅಮ್ಮನದು. ಅಮ್ಮನ ಫೋನಿಗೆ ಅಲರ್ಟು ಹಾಕಿಕೊಟ್ಟವಳು ಅವಳೇ.

“ಅಮ್ಮಾ, ನಾನೇ. ಬದುಕಿದ್ದೀನಿ!”

ಬಿಕ್ಕುವ ಸದ್ದು. ಆಮೇಲೆ ಅನುಮಾನದ ದನಿ: “ನಿಜವಾಗ್ಲೂ ನೀನೇನಾ ಪುಟ್ಟಾ? ನಮ್ಮಲ್ಲಿ ಬಂದ್ರೆ ಅದು ನಿಜಾನೇ ಅಂತ ನೀನೇ ಹೇಳಿದ್ಯಲ್ಲೇ!”

ಅಮ್ಮನನ್ನು ನಂಬಿಸಲು ಗಂಡನೂ ಫೋನಿನಲ್ಲಿ ಮಾತಾಡಬೇಕಾಯಿತು. ಅಷ್ಟರಲ್ಲಿ ಯಜಮಾನರು ಕನ್ನಡಕದ ಮೇಲಿನಿಂದ ಒಮ್ಮೆ ಫೋನನ್ನೂ ಒಮ್ಮೆ ಕೈಯಲ್ಲಿದ್ದ ಆದೇಶವನ್ನೂ ನೋಡಿದರು.

“ಒಂದೂ ಸುಳ್ಳು ಸುದ್ದಿ ಬಿಡದ ಅಂತ ಬರೆದಿದ್ದೀವಲ್ಲಮ್ಮ. ಈಗ ಇದನ್ನ ನಾನು ಹೇಗೆ ಕೊಡ್ಲಿ?” ಎಂದು ಆದೇಶವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದರು. “ಮುಂದಿನ ವರ್ಷ ನೋಡೋಣ. ಕೇಕ್ ಇಟ್ಕೋ.”

ಸಂಪಾದಕಿ ಉರುಳಿದ ಡಬ್ಬಿಯನ್ನು ಎತ್ತಿಕೊಂಡು ಕೆಳಗಿಳಿದಳು. ಗಿಡವನ್ನು ಮೊದಲಿನ ಜಾಗದಲ್ಲೇ ಇಟ್ಟು, ಅದೇ ಹಳೆಯ ಕುರ್ಚಿಯಲ್ಲಿ ಕೂತು, ತಾನು ಬದುಕಿರುವುದಾಗಿ ಸ್ಪಷ್ಟೀಕರಣ ಬರೆಯತೊಡಗಿದಳು. ಟಣ್ಣಪ್ಪ ಬಾಗಿಲಲ್ಲಿ ಬಂದು ನಿಂತ.

“ಮೇಡಂ, ಆ ನಟರಿಗೆ ಬರೀ ಕೆಮ್ಮಂತೆ. ಮನೆಗೆ ಬಂದಿದ್ದಾರೆ. ನಿಮಗೆ ತುಂಬಾ ದುಃಖದಿಂದ ಸಂತಾಪ ಹೇಳಿ ಕಳಿಸಿದ್ದಾರೆ. ಅವರು ಮನೆಗೆ ಬಂದ ಸುದ್ದಿ ಹಾಕೋಣ್ವಾ?”

ಅವಳು ಸ್ಪಷ್ಟೀಕರಣದ ಕೊನೆಗೆ ಚುಕ್ಕಿ ಇಟ್ಟು ತಲೆಯೆತ್ತಿದಳು.

“ಹಾಕಿ. ಆದ್ರೆ ಅವರು ಮನೆಗೆ ಬಂದಿರೋದು ನಿಜಾನಾ ಅಂತ ಇನ್ನೊಂದು ಕಡೆ ಕೇಳ್ಕೊಂಡು ಹಾಕಿ,” ಎಂದಳು.